ಗೋಡೆಗೆ ಇಸ್ತ್ರಿ

ಇಸ್ತ್ರಿಪೆಟ್ಟಿಗೆ ಹದವಾಗಿ ಕಾದಿದೆಯೋ ಇಲ್ಲವೋ ಎಂದು ತಿಳಿಯಲು ಗಂಜಿಯಕ್ಕ ಅದನ್ನು ಕೆನ್ನೆಯ ಹತ್ತಿರ ಹಿಡಿಯುತ್ತಿದ್ದಳು. ಬೇರೆಯವರು ನೀರು ಚಿಮುಕಿಸಿ ಚುಂಯ್ ಎನ್ನುವ ಸದ್ದಿಗೆ ಕಿವಿಗೊಡುತ್ತಾರೆ. ಅವಳಿಗೆ ಕೆನ್ನೆಗೆ ತಾಗುವ ಝಳವೇ ಸಾಕು. ಇದು ಹತ್ತಿಗೆ ಸರಿ, ಇದು ರೇಷ್ಮೆಗೆ ಆಗದು ಎಂದು ಹೇಳಿಬಿಡುತ್ತಿದ್ದಳು. ವರ್ಷಗಟ್ಟಲೆ ಹೀಗೆ ಮಾಡಿ ಅವಳ ಬಲಗೆನ್ನೆ ಎಡಗೆನ್ನೆಗಿಂತ ಒಂದು ಛಾಯೆ ಕಪ್ಪಾಗಿತ್ತು. "ನನ್ನ ಹೆಂಡ್ತಿಗೆ ಎರಡು ಮುಖ," ಎಂದು ಗಂಡ ಅಂಗಡಿಗೆ ಬಂದವರ ಮುಂದೆ ಹೇಳುತ್ತಿದ್ದ. "ಗಿರಾಕಿಗಳಿಗೆ ತೋರ್ಸೋದು ಒಂದು, ನನಗೆ ತೋರ್ಸೋದು ಈ ಸುಟ್ಟಿದ್ದು."

ಮನೆ ಬೀದಿಯ ಮೂಲೆಯಲ್ಲಿತ್ತು. ಮುಂಗೋಣೆಯೇ ಅಂಗಡಿ. ಹಲಗೆಬಾಗಿಲು ತೆಗೆದರೆ ರಸ್ತೆ, ರಸ್ತೆಗೆ ಎದುರಾಗಿ ಕಂಬಳಿ ಹೊದಿಸಿದ ಮೇಜು, ಮೇಜಿನ ಒಂದು ತುದಿಯಲ್ಲಿ ಪೆಟ್ಟಿಗೆ ಇಟ್ಟಿಟ್ಟು ಸುಟ್ಟ ಗುರುತು. ಹಿಂದೆ ಮಲಗುವ ಕೋಣೆ, ಅದರ ಹಿಂದೆ ಒಗೆಯುವ ಕಲ್ಲು, ನೀರಿನ ತೊಟ್ಟಿ, ಗಂಜಿ ಕಾಯಿಸುವ ಒಲೆ, ಆಕಾಶವನ್ನು ಪಟ್ಟಿಪಟ್ಟಿಯಾಗಿ ಸೀಳಿದಂತೆ ಕಟ್ಟಿದ ಹಗ್ಗಗಳು. ಗಂಡ ಅರ್ಧ ಆಯುಷ್ಯವನ್ನು ಆ ತೊಟ್ಟಿಯ ತಣ್ಣೀರಿನಲ್ಲಿ ಕಳೆದು ಎದೆ ಕೆಡಿಸಿಕೊಂಡಿದ್ದ. ಕೆಮ್ಮು ಬಂದರೆ ಗೋಡೆ ಹಿಡಿದು ಬಗ್ಗಿ ನಿಲ್ಲಬೇಕು. ಅದು ಇಳಿಯುವವರೆಗೆ ಅವನ ಬೆನ್ನುಮೂಳೆ ಅಂಗಿಯೊಳಗಿಂದ ಗೆಣ್ಣುಗೆಣ್ಣಾಗಿ ಎದ್ದು ಕಾಣುತ್ತಿತ್ತು. ಈಗ ಅವನದು ಬಟ್ಟೆ ಮಡಿಸುವ ಕೆಲಸ ಮತ್ತು, ಅವನದೇ ಮಾತಿನಲ್ಲಿ ಹೇಳುವುದಾದರೆ, ಬಾಯಿ ಆಡಿಸುವ ಕೆಲಸ.

ಅಂಗಡಿಗೆ ಬರುವ ಬಟ್ಟೆಯಲ್ಲಿ ಬೀದಿಯವರದು ಸ್ವಲ್ಪ. ಉಳಿದದ್ದೆಲ್ಲ ಗುಡ್ಡದ ಮೇಲಿನ ದಂಡಿನದು. ಹಡಗು ಹತ್ತಿ ಬಂದು ಊರನ್ನು ಆಳುತ್ತಿದ್ದ ಸರ್ಕಾರದ ಅಧಿಕಾರಿಗಳು ಅಲ್ಲಿದ್ದರು. ಅವರ ಬಿಳಿಯ ಸಮವಸ್ತ್ರಗಳು ಮೂಟೆಯಾಗಿ ಇಳಿದು ಬಂದು, ಹಲಗೆಯಂತೆ ಸೆಟೆದು ಮೇಲೆ ಹೋಗುತ್ತಿದ್ದವು. "ಇವರ ರಾಜ್ಯ ನಿಂತಿರೋದು ಫಿರಂಗಿ ಮೇಲಲ್ಲ ಕಣೇ, ನಿನ್ನ ಗಂಜಿ ಮೇಲೆ," ಎಂದು ಗಂಡ ಅನ್ನುತ್ತಿದ್ದ. ಗಂಜಿಯಕ್ಕ ನಗುತ್ತಿದ್ದಳು. ಅದು ತಮಾಷೆಯ ಮಾತು ಎಂದೇ ಇಬ್ಬರೂ ತಿಳಿದಿದ್ದರು.

ಆ ವರ್ಷ ಹೊಸ ಕಾಯಿದೆಯೊಂದು ಬಂತು. ಅನುಮಾನ ಬಂದವರನ್ನು ವಿಚಾರಣೆಯಿಲ್ಲದೆ ಸೆರೆಗೆ ಹಾಕಬಹುದು. ಯಾಕೆ ಎಂದು ಕೇಳಿದವರನ್ನೂ ಹಾಕಬಹುದು. ಅದನ್ನು ಒಪ್ಪುವುದಿಲ್ಲವೆಂದು ಊರು ಒಂದು ದಿನ ಅಂಗಡಿ ಮುಚ್ಚಿ ಮೈದಾನದಲ್ಲಿ ಸೇರಿತು. ಸೈನಿಕರು ಗುಂಡು ಹಾರಿಸಿದರು. ಮೈದಾನಕ್ಕೆ ಹೋದವರಲ್ಲಿ ಕೆಲವರು ಮನೆಗೆ ಬರಲಿಲ್ಲ. ಮರುದಿನ ಬೆಳಗ್ಗೆ ಊರನ್ನು ಸೇನೆಯ ದಂಡಾಧಿಕಾರಿಯ ಕೈಗೆ ಒಪ್ಪಿಸಲಾಯಿತು, ಮತ್ತು ಅಂಟಣ್ಣ ಬಕೆಟ್ಟು ಹಿಡಿದು ಗಂಜಿಯಕ್ಕನ ಹಿತ್ತಿಲಿಗೆ ಬಂದ.

ಅಂಟಣ್ಣ ಗೋಡೆಗೆ ಕಾಗದ ಅಂಟಿಸುವವನು. ಸರ್ಕಸ್ಸು, ನಾಟಕ, ಸೋಪು, ಕೂದಲೆಣ್ಣೆ, ಯಾವುದರ ಕಾಗದವಾದರೂ ಅವನದೇ ಕೈ, ಗಂಜಿಯಕ್ಕನದೇ ಗಂಜಿ. ಅಂಟಿಸಿದ್ದನ್ನು ಗಟ್ಟಿಯಾಗಿ ಓದುವುದು ಅವನ ಅಭ್ಯಾಸ. ಸರ್ಕಸ್ಸಿನವರಿಂದ ಕಲಿತ ಏರುದನಿ. ಅಂದು ಮೊದಲ ಕಾಗದ ಬಿದ್ದದ್ದು ಮಾರುಕಟ್ಟೆಯ ರಸ್ತೆಗೆ ಮುಖ ಮಾಡಿದ, ಕಿಟಕಿಯಿಲ್ಲದ, ಸುಣ್ಣ ಬಳಿದ ಗಂಜಿಯಕ್ಕನ ಪಕ್ಕದ ಗೋಡೆಗೆ. ಅಂಟಣ್ಣ ಕುಂಚವನ್ನು ಬಕೆಟ್ಟಿಗೆ ಎಸೆದು ಶುರು ಮಾಡಿದ.

"ಊರಿನ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ! ನಾಲ್ವರಿಗಿಂತ ಹೆಚ್ಚು ಮಂದಿ ಒಂದೆಡೆ ಸೇರಕೂಡದು! ಅಂಗಡಿ ಮುಚ್ಚಕೂಡದು! ತಕ್ಕ ಕಾರಣವಿಲ್ಲದೆ ಸರ್ಕಾರದ ಕೆಲಸ ಬಿಡಕೂಡದು! ತಪ್ಪಿದ ಗಂಡಸರಿಗೆ ಚಾವಟಿಯ ಏಟು, ಹೆಂಗಸರಿಗೆ ಸೆರೆವಾಸ!"

"ಸರ್ಕಸ್ ಟಿಕೆಟ್ ಎಲ್ಲಿ ಸಿಗುತ್ತೆ, ಅದನ್ನೂ ಹೇಳು," ಎಂದ ಗಂಡ.

ಅಂಟಣ್ಣನ ದನಿ ಇಳಿಯಿತು. ಕೊನೆಯ ಸಾಲು ಅವನೂ ಆಗಷ್ಟೇ ಓದುತ್ತಿದ್ದ. "ಈ ಆಜ್ಞಾಪತ್ರವನ್ನು ಯಾರ ಗೋಡೆಗೆ ಅಂಟಿಸಲಾಗಿದೆಯೋ ಆ ಮನೆಯವರು ಹಗಲಿರುಳು ಅದನ್ನು ಕಾಯತಕ್ಕದ್ದು. ಪತ್ರ ಹರಿದರೆ, ಬಿದ್ದರೆ, ಅಳಿಸಿದರೆ, ಯಾರೇ ಮಾಡಿರಲಿ, ಯಾವ ಕಾರಣದಿಂದಲೇ ಆಗಿರಲಿ, ಮನೆಯ ಯಜಮಾನನಿಗೆ ಒಂದು ಡಜನ್ ಏಟು. ಯಾವ ಸಬೂಬನ್ನೂ ಒಪ್ಪಲಾಗದು."

ಗಂಡ ನಗಲು ಬಾಯಿ ತೆರೆದವನು ಕೆಮ್ಮಿದ. ಗೋಡೆ ಹಿಡಿಯಲು ಕೈ ಚಾಚಿ, ಕಾಗದ ಕಂಡು, ಕೈ ಹಿಂದಕ್ಕೆ ಎಳೆದುಕೊಂಡ. ಗಂಜಿಯಕ್ಕ ಅವನ ಬೆನ್ನು ನೋಡಿದಳು. ಒಂದು ಡಜನ್ ಬೇಡ, ಆ ಬೆನ್ನು ಮೂರಕ್ಕೆ ಮುಗಿಯುತ್ತದೆ ಎಂದು ಅವಳಿಗೆ ಗೊತ್ತಾಯಿತು.

ಮೊದಲು ಬಿದ್ದದ್ದು ಅವಳ ಗೋಡೆಯ ಕಾಗದವಲ್ಲ. ಎದುರು ಸಾಲಿನಲ್ಲಿ ಬೂಟು ಹೊಲಿಯುವವನೊಬ್ಬನಿದ್ದ. ಊರಿನ ಅರ್ಧ ಮಂದಿಗೆ ಅವನು ಭಾವ, ಉಳಿದರ್ಧ ಮಂದಿ ಸುಮ್ಮನೆ ಹಾಗೆ ಕರೆಯುತ್ತಿದ್ದರು. ಬೂಟಿನ ಭಾವನ ಗೋಡೆಗೆ ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುತ್ತಿತ್ತು. ಅಂಟಣ್ಣ ಒಯ್ದಿದ್ದು ಬಟ್ಟೆಗೆ ಹಾಕುವ ತೆಳುಗಂಜಿ. ಸರ್ಕಸ್ಸಿನ ಕಾಗದಕ್ಕೆ ಅದು ಧಾರಾಳವಾಗಿತ್ತು, ಸರ್ಕಸ್ಸು ಊರು ಬಿಡುವವರೆಗೆ ನಿಂತರೆ ಮುಗಿಯಿತು. ಬಟ್ಟೆಯಲ್ಲಿ ನೂಲಿನೊಳಗೆ ಇಳಿಯುವ ಗಂಜಿ ಸುಣ್ಣದ ಗೋಡೆಯ ಮೇಲೆ ಒಣಗಿ ಹಪ್ಪಳೆಯಾಗಿ ಏಳುತ್ತದೆ. ಬೀದಿಯವರೆಲ್ಲ ಅಷ್ಟು ವರ್ಷ ಅದನ್ನು ನೋಡಿದ್ದರು, ಯಾರೂ ಯೋಚಿಸಿರಲಿಲ್ಲ. ಭಾವ ಒಂದು ಹಿಮ್ಮಡಿಗೆ ಮೊಳೆ ಹೊಡೆಯಲು ತಲೆ ಬಗ್ಗಿಸಿದ. ತಲೆ ಎತ್ತುವಷ್ಟರಲ್ಲಿ ದಂಡಾಧಿಕಾರಿಯ ಆಜ್ಞೆ ಚರಂಡಿಯಲ್ಲಿತ್ತು.

ಮಾರುಕಟ್ಟೆಯ ಚೌಕದಲ್ಲಿ ಮರದ ಚೌಕಟ್ಟು ನಿಲ್ಲಿಸಿ ಹೊಡೆದರು. ಜನ ನೋಡಲೇಬೇಕೆಂದು ಜಮಾದಾರ ಬಾಗಿಲು ಬಾಗಿಲಿಗೆ ಹೋಗಿ ಕರೆತಂದ. ಜಮಾದಾರ ಈ ಊರಿನವನೇ. ಸರ್ಕಾರದ ಬೂಟು ಹಾಕಿಕೊಂಡ ಮೇಲೆ ಪರಿಚಯದವರ ಮುಖ ನೋಡುವುದನ್ನು ಬಿಟ್ಟಿದ್ದ. ಆ ಬೂಟನ್ನು ಹೊಲಿದವನು ಭಾವ.

ಸಂಜೆ ಗಂಜಿಯಕ್ಕ ಹೋದಾಗ ಭಾವ ಬೋರಲು ಮಲಗಿದ್ದ. ಹೆಂಡತಿ ಬೆನ್ನಿಗೆ ಎಣ್ಣೆಯಲ್ಲಿ ನೆನೆಸಿದ ಬಟ್ಟೆ ಹಾಸುತ್ತಿದ್ದಳು. ಗಂಜಿಯಕ್ಕ ಹೊಸಿಲಲ್ಲೇ ನಿಂತಳು.

"ಭಾವ, ನಾನು ತೆಳ್ಳಗೆ ಮಾಡ್ದೆ."

"ಗೊತ್ತಾಯ್ತು. ನಿನ್ನ ಗಂಜಿ ನನ್ನ ಬೆನ್ನಿಗೆ ಇಸ್ತ್ರಿ ಹಾಕ್ತು," ಎಂದ ಭಾವ ದಿಂಬಿನೊಳಗಿಂದ. "ಒಳಗೆ ಬಾ. ಅಲ್ಲಿ ನಿಂತ್ರೆ ನಿನ್ನ ಮುಖ ನೋಡೋಕ್ಕೆ ನಾನು ತಿರುಗ್ಬೇಕು, ತಿರುಗೋಕ್ಕೆ ಆಗಲ್ಲ."

ಅವಳು ಬಂದು ನೆಲದ ಮೇಲೆ ಕುಳಿತಳು.

"ಅಳಬೇಡ," ಎಂದ ಭಾವ.

"ಅಳ್ತಿಲ್ಲ."

"ಹಾಗಾದ್ರೆ ಏನ್ ಮಾಡ್ತಿದ್ದೀ?"

"ಯೋಚ್ನೆ ಮಾಡ್ತಿದ್ದೀನಿ. ನಿನ್ನದು ಉಳಿದ ಬೆನ್ನು. ನನ್ನ ಮನೆಯವರದು ಉಳಿಯಲ್ಲ."

ಮನೆಗೆ ಬಂದು ಒಲೆ ಉರಿ ಮಾಡಿದಳು. ಅಕ್ಕಿಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಗೋಂದು ಕರಗಿಸಿ ಹಾಕಿ, ಇರುವೆ ಜಿರಲೆ ಹತ್ತಿರ ಸುಳಿಯದಂತೆ ಪುಸ್ತಕ ಕಟ್ಟುವವರಿಂದ ತಂದ ಮೈಲುತುತ್ತವನ್ನು ಚಿಟಿಕೆ ಸೇರಿಸಿ, ಸೌಟು ನಿಲ್ಲುವಷ್ಟು ಗಟ್ಟಿಯಾಗುವವರೆಗೆ ತಿರುವಿದಳು. ಬೆಳಕು ಮಾಸುವ ಮೊದಲೇ ತನ್ನ ಗೋಡೆಯ ಕಾಗದದ ಅಂಚುಗಳಿಗೆ, ಆಮೇಲೆ ಇಡೀ ಕಾಗದದ ಮೇಲೆ, ಅಕ್ಷರಗಳ ಮೇಲೆಯೂ, ತೆಳ್ಳನೆಯ ಪದರವೊಂದನ್ನು ಸವರಿದಳು. ಅಷ್ಟಕ್ಕೂ ಸಮಾಧಾನವಾಗಲಿಲ್ಲ. ಒಳಗೆ ಹೋಗಿ ಕೆಂಡ ತುಂಬಿದ ಪೆಟ್ಟಿಗೆ ತಂದಳು. ಕೆನ್ನೆಯ ಹತ್ತಿರ ಹಿಡಿದು ನೋಡಿದಳು. ಒದ್ದೆ ಬಟ್ಟೆಯೊಂದನ್ನು ಕಾಗದದ ಮೇಲೆ ಹರಡಿ ಗಂಡನ ಕೈಗೆ ಎರಡು ಮೂಲೆ ಕೊಟ್ಟು, ಗೋಡೆಗೆ ಇಸ್ತ್ರಿ ಹಾಕಿದಳು.

"ತಲೆ ಕೆಟ್ಟಿದೆಯೇನೇ?" ಎಂದ ಗಂಡ, ಎರಡೂ ಮೂಲೆ ಬಿಗಿಯಾಗಿ ಹಿಡಿದೇ.

"ಅಲ್ಲಾಡಬೇಡಿ. ಸುಕ್ಕು ಬರುತ್ತೆ."

ಬಟ್ಟೆ ತೆಗೆದಾಗ ಕಾಗದಕ್ಕೂ ಗೋಡೆಗೂ ನಡುವೆ ಉಗುರು ತೂರಿಸುವಷ್ಟು ಸಂದಿ ಇರಲಿಲ್ಲ. ಆಜ್ಞೆ ಗೋಡೆಯ ಚರ್ಮವಾಗಿತ್ತು. ಮರುದಿನ ಬೀದಿಯ ಮನೆಮನೆಯವರೂ ಬಂದು ಕರೆದರು. ಅವಳು ಪೆಟ್ಟಿಗೆ ಹಿಡಿದು ಗೋಡೆಯಿಂದ ಗೋಡೆಗೆ ಹೋದಳು. ಭಾವನ ಗೋಡೆಗೆ ಅಂಟಿಸಿದ್ದ ಹೊಸ ಕಾಗದಕ್ಕೆ ಎರಡು ಸಲ ಹಾಕಿದಳು. ಇಷ್ಟರಲ್ಲಿ ಎಲ್ಲಿಯೂ ಪ್ರತಿರೋಧದ ಸುಳಿವಿಲ್ಲ. ಅವಳು ಮಾಡಿದ್ದೆಲ್ಲ ಭಯದಿಂದ, ಮತ್ತು ಭಯವನ್ನೂ ಅಚ್ಚುಕಟ್ಟಾಗಿ ಮಾಡುವುದು ಅವಳ ಸ್ವಭಾವ.

ಕಾಗದ ಬೀಳುವುದಿಲ್ಲ ಎಂಬುದು ಖಚಿತವಾದರೂ ಹರಿಯುವುದಿಲ್ಲ ಎಂದು ಯಾರು ಹೇಳಬೇಕು? ಹಾದುಹೋಗುವ ಗಾಡಿಯ ಮೂಲೆ ತಾಗಬಹುದು, ಹಸು ಮೈ ಉಜ್ಜಬಹುದು. ಗಂಜಿಯಕ್ಕ ಗೋಡೆಯ ಪಕ್ಕದಲ್ಲೇ ಮಣೆ ಹಾಕಿಕೊಂಡು ಕುಳಿತು, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಳು. ಒಳಗೆ ದಂಡಿನ ಬಟ್ಟೆ ಒದ್ದೆಯಾಗಿ ಬಿದ್ದಿತ್ತು. ಗಂಡ ಒಗೆಯುವಂತಿಲ್ಲ, ಅವಳು ಒಗೆಯಲು ಹೋದರೆ ಗೋಡೆಗೆ ಗಂಡನೊಬ್ಬನೇ, ಕೆಮ್ಮು ಬಂದರೆ ಅವನ ಕಣ್ಣು ಮುಚ್ಚುತ್ತದೆ.

ಬಟ್ಟೆ ಬರದಿದ್ದಾಗ ಜಮಾದಾರ ಬಂದ.

"ಏಯ್, ದೊರೆಗಳ ಬಟ್ಟೆ ಎಲ್ಲಿ?"

"ತೊಟ್ಟಿಯಲ್ಲಿದೆ."

"ತೊಟ್ಟಿಯಲ್ಲಿ ಇಟ್ಟು ಇಲ್ಲಿ ಕೂತು ಏನ್ ಮಾಡ್ತಿದ್ದೀಯ?"

"ಕಾಗದ ಕಾಯ್ತಿದ್ದೀನಿ." ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ. "ಹಗಲಿರುಳು ಕಾಯ್ಬೇಕು ಅಂತ ಇದೆ. ಯಾವ ಸಬೂಬೂ ನಡೆಯಲ್ಲ ಅಂತಾನೂ ಇದೆ. ನಾನು ಒಳಗೆ ಹೋಗಿ ಇದಕ್ಕೇನಾದ್ರೂ ಆದ್ರೆ, ಬಟ್ಟೆ ಒಗೀತಿದ್ದೆ ಅಂದ್ರೆ ಒಪ್ತೀರಾ?"

ಜಮಾದಾರ ಕಾಗದದ ಕಡೆ ನೋಡಿದ. ತುಟಿ ಅಲ್ಲಾಡಿಸಿಕೊಂಡು ಕೊನೆಯ ಸಾಲನ್ನು ಓದಿದ. ಮತ್ತೊಮ್ಮೆ ಓದಿದ.

"ಬೇಕಿದ್ರೆ ನೀವು ಇಲ್ಲಿ ಕೂತಿರಿ, ನಾನು ಹೋಗಿ ಒಗೀತೀನಿ," ಎಂದು ಅವಳು ಮಣೆಯಿಂದ ಎದ್ದಳು. "ಬಿಸಿಲಿದೆ, ತಲೆಗೆ ಬಟ್ಟೆ ಹಾಕ್ಕೊಳ್ಳಿ."

ಜಮಾದಾರ ಬಾಯಿಗೆ ಬಂದಂತೆ ಬೈದ. ಆದರೆ ಹೊಡೆಯಲಿಲ್ಲ, ಹಿಡಿಯಲಿಲ್ಲ. ಬೂಟು ಸದ್ದು ಮಾಡಿಕೊಂಡು ಗುಡ್ಡದ ಕಡೆ ಹೊರಟುಹೋದ. ಗಂಜಿಯಕ್ಕ ನಿಂತೇ ಇದ್ದಳು. ಗಂಡ ಹಲಗೆಬಾಗಿಲಿನ ಹಿಂದಿನಿಂದ ತಲೆ ಹಾಕಿದ.

"ಹೋದ್ನಾ?"

"ಹೋದ."

"ಬಟ್ಟೆ ತೊಗೊಂಡು ಹೋಗ್ಲಿಲ್ವಾ?"

"ಇಲ್ಲ." ಅವಳು ನಿಧಾನವಾಗಿ ಕುಳಿತಳು. "ರೀ, ಅವನು ಬರಿಗೈಯಲ್ಲಿ ಹೋದ."

ಬರಿಗೈಯಲ್ಲಿ ಹೋದ ಎಂಬ ಮಾತನ್ನು ಅವಳು ಆ ದಿನ ಎಷ್ಟೋ ಸಲ ತನ್ನಷ್ಟಕ್ಕೆ ಹೇಳಿಕೊಂಡಳು. ಗುಂಡು ಹಾರಿಸಿದ ಸರ್ಕಾರ, ಭಾವನ ಬೆನ್ನು ಸುಲಿದ ಸರ್ಕಾರ, ಒಂದು ಮಣೆಯ ಮುಂದೆ ನಿಂತು ದಾರಿ ಕಾಣದೆ ತಿರುಗಿ ಹೋಗಿತ್ತು. ಅವಳು ಆಜ್ಞೆ ಮೀರಿರಲಿಲ್ಲ. ಆಜ್ಞೆಯನ್ನು ಅದರ ಕೊನೆಯ ಅಕ್ಷರದವರೆಗೂ ಪಾಲಿಸಿದ್ದಳು, ಅಷ್ಟೇ. ಅಲ್ಲಿಯವರೆಗೆ ಭಯದಿಂದ ಮಾಡಿದ್ದನ್ನು ಇನ್ನು ಬೇಕೆಂದೇ ಮಾಡಬಹುದು ಎಂಬುದು ಅವಳಿಗೆ ಹೊಳೆದದ್ದು ಯಾವ ಗಳಿಗೆಯಲ್ಲೋ ಹೇಳಲಾಗದು. ಸಂಜೆ ಗಂಡನನ್ನು ಮಣೆಯ ಮೇಲೆ ಕೂರಿಸಿ ಭಾವನ ಮನೆಗೆ ಹೋಗುವಾಗ ಮಾತ್ರ ಅವಳ ನಡಿಗೆ ಬೇರೆಯಾಗಿತ್ತು.

ಭಾವನ ಮನೆಯಲ್ಲಿ ದಂಡಿನ ಅಡುಗೆಮನೆಯ ಕೆಲಸಕ್ಕೆ ಹೋಗುವ, ಬೀದಿಯವರೆಲ್ಲ ಚಿಕ್ಕಮ್ಮ ಎನ್ನುವ ಹೆಂಗಸು ಕುಳಿತಿದ್ದಳು. ಭಾವನ ಹೆಂಡತಿಯೂ ಸೇರಿ ನಾಲ್ವರು, ಕಾಯಿದೆಗೆ ತೊಂದರೆಯಿಲ್ಲ. ಗಂಜಿಯಕ್ಕ ನಡೆದದ್ದನ್ನು ಹೇಳಿದಳು.

"ನಿನ್ನ ಗೋಡೆಗೂ ಕಾಗದ ಇದೆಯಲ್ಲ ಚಿಕ್ಕಮ್ಮ. ನೀನು ಅಡುಗೆಗೆ ಹೋದಾಗ ಅದನ್ನ ಕಾಯೋರು ಯಾರು?"

"ಯಾರೂ ಇಲ್ಲ. ಎದೆ ಡವಡವ ಅಂತಿರುತ್ತೆ."

"ಹಾಗಾದ್ರೆ ಹೋಗಬೇಡ."

ಚಿಕ್ಕಮ್ಮ ಅವಳ ಮುಖ ನೋಡಿದಳು. ಅರ್ಥವಾಗುತ್ತ ಬಂದಂತೆ ಮುಖ ಬಿಳಿಚಿತು. "ಇದೆಲ್ಲ ನಡೆಯೋ ಮಾತಲ್ಲ ಕಣೇ. ನಾಳೆ ನಮ್ಮ ಗಂಡಸರನ್ನ ಕಟ್ಟಿ ಹೊಡೆದ್ರೆ ಯಾರು ಗತಿ?"

"ಕಾದರೂ ಹೊಡೀತಾರೆ, ಕಾಯದಿದ್ರೂ ಹೊಡೀತಾರೆ. ಹೊಡೆಯೋದು ಅವರ ಇಷ್ಟ. ಅವರ ಕಾಲರ್ ನೆಟ್ಟಗೆ ಮಾಡೋದು ನನ್ನ ಇಷ್ಟ. ನನ್ನ ಕೈಯಲ್ಲಿ ಇರೋದು ಇಷ್ಟೇ, ಇದನ್ನೂ ಯಾಕೆ ಬಿಟ್ಟುಕೊಡ್ಲಿ?"

ದಿಂಬಿನೊಳಗಿಂದ ಭಾವನ ದನಿ ಬಂತು. "ಜಮಾದಾರನ ಬೂಟಿನ ಅಟ್ಟೆ ಬಿಟ್ಟಿದೆ, ರಿಪೇರಿಗೆ ಕಳಿಸ್ತೀನಿ ಅಂದಿದ್ದ. ನನ್ನನ್ನ ಎತ್ತಿ ಗೋಡೆ ಪಕ್ಕ ಕೂರ್ಸಿ. ನನಗೂ ಕಾವಲಿದೆ."

ಮಾತು ಬಾಯಿಂದ ಬಾಯಿಗೆ, ಹಗ್ಗದಿಂದ ಹಗ್ಗಕ್ಕೆ, ಹಿತ್ತಿಲಿನಿಂದ ಹಿತ್ತಿಲಿಗೆ ಹೋಯಿತು. ಬೆಳಗಾದಾಗ ಬೀದಿಯುದ್ದಕ್ಕೂ ಜನ. ಪ್ರತಿ ಕಾಗದದ ಮುಂದೆ ಇಬ್ಬರು, ಮೂವರು. ಎಲ್ಲಿಯೂ ನಾಲ್ವರಿಗಿಂತ ಹೆಚ್ಚಿಲ್ಲ. ಅಂಗಡಿಗಳ ಬಾಗಿಲು ತೆರೆದೇ ಇತ್ತು, ಒಳಗೆ ಯಾರೂ ಇರಲಿಲ್ಲ. ಕುದುರೆ ಲಾಯದವನು, ಹಾಲಿನವನು, ಗುಮಾಸ್ತ, ನೀರು ಹೊರುವವರು, ಎಲ್ಲರೂ ತಮ್ಮ ತಮ್ಮ ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದರು. ಗುಡ್ಡದ ಮೇಲೆ ಒಲೆ ಹೊತ್ತಲಿಲ್ಲ. ಕುದುರೆಗಳು ಕೆನೆದವು. ಯಾರನ್ನಾದರೂ ಕೇಳಿದರೆ ಒಂದೇ ಉತ್ತರ: "ಕಾಗದ ಕಾಯ್ತಿದ್ದೀವಿ ಸ್ವಾಮಿ. ಆಜ್ಞೆ ಆಗಿದೆ."

ಮರುದಿನ ಅಂಟಣ್ಣ ಹೊಸ ಕಾಗದಗಳ ಕಟ್ಟು ಹೊತ್ತು ಬಂದ. ಬಕೆಟ್ಟಿನಲ್ಲಿ ದಂಡಿನವರೇ ಕಲಸಿಕೊಟ್ಟ ಅಂಟು. ಹಳೆಯದರ ಪಕ್ಕದಲ್ಲಿ ಹೊಸದನ್ನು ಅಂಟಿಸಿ ಓದಿದ. ಏರುದನಿ ತಾನಾಗಿಯೇ ಬಂತು.

"ಎಲ್ಲ ಕೆಲಸಗಾರರೂ ಕೂಡಲೇ ತಮ್ಮ ತಮ್ಮ ಕೆಲಸಗಳಿಗೆ ಹಾಜರಾಗತಕ್ಕದ್ದು!" ಕೊನೆಗೆ ಬಂದು ನಿಂತ. ಅಚ್ಚುಕೂಟದವರು ಹಳೆಯ ಅಚ್ಚುಮೊಳೆಗಳನ್ನು ಕಳಚದೆ ಅಡಿಯ ಸಾಲನ್ನು ಹಾಗೆಯೇ ಉಳಿಸಿದ್ದರು. "ಈ ಆಜ್ಞಾಪತ್ರವನ್ನು ಯಾರ ಗೋಡೆಗೆ..."

"ಓದು, ಓದು," ಎಂದ ಗಂಡ. "ಮುಂದೆ ಬಾಯಿಪಾಠ ಇದೆಯಲ್ಲ."

"...ಹಗಲಿರುಳು ಅದನ್ನು ಕಾಯತಕ್ಕದ್ದು," ಎಂದು ಅಂಟಣ್ಣ ಮೆಲ್ಲಗೆ ಮುಗಿಸಿದ.

"ನಿನ್ನೆವರೆಗೆ ಒಂದಿತ್ತು, ಈಗ ಎರಡಾಯ್ತು," ಎಂದಳು ಗಂಜಿಯಕ್ಕ. ಗಂಡನನ್ನು ಕರೆದು ಎರಡನೆಯ ಮಣೆ ಹಾಕಿಸಿದಳು. ದಂಡಿನ ಅಂಟು ಅವಳಿಗೆ ಸರಿ ಬರಲಿಲ್ಲ. ಅದಕ್ಕೂ ಇಸ್ತ್ರಿ ಹಾಕಿದಳು.

ಮೂರನೆಯ ಆಜ್ಞೆ ಬರಲಿಲ್ಲ, ದಂಡಾಧಿಕಾರಿಯೇ ಬಂದ. ಬೀದಿಯ ತುದಿಯಲ್ಲಿ ಕುದುರೆ ಕಂಡಾಗ ಜನ ಎದ್ದು ನಿಂತರು. ಆದರೆ ಅವರ ಕಣ್ಣು ಹೋದದ್ದು ಕುದುರೆಯ ಕಡೆಗಲ್ಲ. ದೊರೆಯ ಅಂಗಿ ಮುದುಡಿತ್ತು. ಅದನ್ನು ಯಾರೋ ತಣ್ಣೀರಿನಲ್ಲಿ ಅದ್ದಿ ಹಾಗೆಯೇ ಒಣಗಿಸಿದ್ದರು. ಕಾಲರು ಎರಡೂ ಕಡೆಗೆ ಬೆಂದ ಸೊಪ್ಪಿನಂತೆ ಇಳಿಬಿದ್ದಿತ್ತು. ಹಿಂದೆ ಗಾಡಿಯಲ್ಲಿ ಚಾವಟಿಯ ಚೌಕಟ್ಟು ಬರುತ್ತಿತ್ತು.

ದೊರೆ ತನ್ನ ಭಾಷೆಯಲ್ಲಿ ಉದ್ದಕ್ಕೆ ಮಾತಾಡಿದ. ಜಮಾದಾರ ಅದನ್ನು ಗಿಡ್ಡಕ್ಕೆ ಹೇಳಿದ.

"ಶುರು ಮಾಡಿದ ಮನೆ ಯಾವುದು ಅಂತ ದೊರೆಗಳಿಗೆ ಗೊತ್ತಿದೆ. ಯಜಮಾನ ಹೊರಗೆ ಬಾ."

ಗಂಡ ಹೊರಗೆ ಬಂದ. ಹಲಗೆ ಹಿಡಿದು ನಿಂತ.

"ಕಾಗದ ಹರಿದ್ರೆ ಯಾರೇ ಹರಿದಿರಲಿ, ಯಜಮಾನನಿಗೆ ಏಟು. ಹಾಗಂತ ಇದೆಯೋ ಇಲ್ಲವೋ?"

"ಇದೆ," ಎಂದ ಗಂಡ.

"ಈಗ ದೊರೆಗಳೇ ಹರೀತಾರೆ. ನೀನು ಹೋಗಿ ಚೌಕಟ್ಟಿನ ಹತ್ತಿರ ನಿಂತ್ಕೋ."

ಗಂಡ ಹೆಂಡತಿಯ ಕಡೆ ನೋಡಿ, "ಒಲೆ ಮೇಲೆ ಗಂಜಿ ಇದೆ, ತಳ ಹಿಡೀತಿರ್ಬೇಕು ನೋಡು," ಎಂದ. ಅವನು ಆ ಹೊತ್ತಿನಲ್ಲಿ ಹೇಳಬಲ್ಲವನಾಗಿದ್ದದ್ದು ಅಷ್ಟನ್ನೇ. ಗಂಜಿಯಕ್ಕ ಕದಲಲಿಲ್ಲ. ಗೋಡೆಗೂ ಗಂಡನಿಗೂ ನಡುವೆ ಬಂದು ನಿಂತು, ಕೈ ಹಿಂದಕ್ಕೆ ಚಾಚಿ ಅವನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

ದೊರೆ ಕೈಗವಸು ತೆಗೆದು ಕಾಗದದ ಮೂಲೆಗೆ ಕೈ ಹಾಕಿದ. ಮೂಲೆ ಸಿಗಲಿಲ್ಲ. ಬೆರಳಿನಿಂದ ತಡವಿ ಹುಡುಕಿದ. ಕಾಗದ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು, ಬೆರಳಿಗೆ ತಿಳಿಯಲಿಲ್ಲ. ಉಗುರು ಹಾಕಿ ಕೆರೆದ. ಉಗುರು ಮುರಿಯಿತು. ಜಮಾದಾರ ಸಹಾಯಕ್ಕೆ ಮುಂದೆ ಬಂದ. ದೊರೆ ಅವನನ್ನು ಮೊಣಕೈಯಿಂದ ತಳ್ಳಿ, ಜೇಬಿನ ಚಾಕು ತೆಗೆದು ಗೀರಿದ. ಚೂರು ಸುಣ್ಣ ಉದುರಿ ಅವನ ಬೂಟಿನ ಮೇಲೆ ಬಿತ್ತು. ಅಕ್ಷರಗಳ ಮೇಲೆ ಬಿಳಿಯ ಗೀರು ಮೂಡಿತು, ಕಾಗದ ಅಲ್ಲೇ ಇತ್ತು. ಇನ್ನೊಂದು ಗೀರು. ಮತ್ತೊಂದು. ಬೆವರು ಹನಿದು ಕಾಲರು ಪೂರ್ತಿ ಕುತ್ತಿಗೆಗೆ ಅಂಟಿಕೊಂಡಿತು. ದಂಡಾಧಿಕಾರಿ ತನ್ನ ಆಜ್ಞೆಯನ್ನು ತಾನೇ, ಹಟ ಹಿಡಿದವನಂತೆ, ಗೋಡೆಯಿಂದ ಕೆರೆಯುತ್ತಿದ್ದ. ಆಜ್ಞೆ ಅವನ ಮಾತು ಕೇಳುತ್ತಿರಲಿಲ್ಲ.

ಎದುರು ಸಾಲಿನಲ್ಲಿ ಯಾರೋ ನಕ್ಕರು.

ಅದು ಬೂಟಿನ ಭಾವ. ಅಂಗಿಯಿಲ್ಲದೆ, ಎಣ್ಣೆಬಟ್ಟೆ ಹೊದ್ದು, ಎದೆಯನ್ನು ಗೋಡೆಗೆ ಆನಿಸಿ ಕುಳಿತಿದ್ದವನಿಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಬೆನ್ನಿನ ಗಾಯ ಬಿರಿಯುತ್ತಿತ್ತು. ಆದ್ದರಿಂದ "ಅಯ್ಯೋ, ಅಯ್ಯಯ್ಯೋ" ಎಂದು ನರಳಿಕೊಂಡೇ ನಕ್ಕ. ಅದನ್ನು ಕೇಳಿ ಚಿಕ್ಕಮ್ಮ ನಕ್ಕಳು. ಆಮೇಲೆ ಲಾಯದವನು, ಹಾಲಿನವನು, ಗುಮಾಸ್ತ. ಮೈದಾನದ ದಿನದಿಂದ ಆ ಬೀದಿ ನಕ್ಕಿರಲಿಲ್ಲ. ಈಗ ತುದಿಯಿಂದ ತುದಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಗೋಡೆ ಗೋಡೆಯ ಮುಂದೆ ಇಬ್ಬಿಬ್ಬರು, ಮೂರುಮೂರು ಮಂದಿ, ಕಾಯಿದೆಗೆ ಒಂದಿಷ್ಟೂ ಕುಂದಿಲ್ಲದಂತೆ.

ದೊರೆ ಚಾಕು ಮಡಿಸಿದ. ಕಾಗದದ ಕಡೆ ಇನ್ನೊಮ್ಮೆ ನೋಡಿದ. ಅದು ಹರಿದಿರಲಿಲ್ಲ, ಬಿದ್ದಿರಲಿಲ್ಲ, ಗೀರುಗಳ ನಡುವೆ ಪ್ರತಿ ಅಕ್ಷರವನ್ನೂ ಓದಬಹುದಿತ್ತು. ಜಮಾದಾರನಿಗೆ ಏನೋ ಹೇಳಿ ಕುದುರೆ ಹತ್ತಿದ.

"ಮೊದಲು ನಕ್ಕಿದ್ದು ಯಾರು?" ಎಂದು ಜಮಾದಾರ ಕೂಗಿದ. "ದೊರೆಗಳಿಗೆ ಅವಮಾನ ಮಾಡಿದೋರು ಮುಂದೆ ಬನ್ನಿ!"

ಗಂಡಸಾದರೆ ಚಾವಟಿ, ಹೆಂಗಸಾದರೆ ಸೆರೆ. ಭಾವ ಕೈಯೂರಿ ಏಳಲು ನೋಡುತ್ತಿದ್ದ. ಅವನ ಬೆನ್ನ ಮೇಲೆ ಇನ್ನೊಂದು ಏಟಿಗೆ ಜಾಗವಿರಲಿಲ್ಲ.

"ನಾನು," ಎಂದಳು ಗಂಜಿಯಕ್ಕ.

"ನೀನಲ್ಲ. ಗಂಡಸಿನ ದನಿ ಕೇಳ್ತು."

"ನನ್ನ ದನಿಯೇ ಅಂಥದ್ದು."

"ಹೌದು ಜಮಾದಾರ್ರೇ," ಎಂದ ಗಂಡ, ಒಂದು ಕ್ಷಣವೂ ತಡಮಾಡದೆ. "ಮದುವೆ ಆದಾಗಿಂದ ಕೇಳ್ತಿದ್ದೀನಿ. ನನಗೇ ಎಷ್ಟೋ ಸಲ ಹೆದರಿಕೆ ಆಗಿದೆ."

ಜಮಾದಾರ ಎದುರು ಸಾಲಿನ ಕಡೆ ತಿರುಗಿದ. ಬಹಳ ದಿನಗಳ ಮೇಲೆ ಮೊದಲ ಸಲ ಭಾವನ ಮುಖ ನೋಡಿದ. ಆಮೇಲೆ ಕಣ್ಣು ತೆಗೆದು, "ಸರಿ, ನಡಿ," ಎಂದ ಗಂಜಿಯಕ್ಕನಿಗೆ.

ಅವಳು ಮುಷ್ಟಿಯಲ್ಲಿ ಹಿಡಿದಿದ್ದ ಗಂಡನ ಅಂಗಿಯನ್ನು ಬಿಟ್ಟಳು. ಅದು ಸುಕ್ಕಾಗಿತ್ತು, ಅಂಗೈಯಿಂದ ಒಮ್ಮೆ ಸವರಿ ಸರಿಮಾಡಿದಳು. "ಗಂಜಿ ಇಳಿಸಿಡಿ. ತಣ್ಣೀರಿಗೆ ಕೈ ಹಾಕ್ಬೇಡಿ," ಎಂದು ಹೇಳಿ ಹೊರಟಳು.

ಸೆರೆಯಲ್ಲಿ ಅವಳಿಗೆ ಸಿಕ್ಕಿದ್ದು ಅದೇ ಕೆಲಸ. ಕೈದಿಗಳ ಬಟ್ಟೆ ಒಗೆದಳು. ಕಾವಲಿನವರ ಬಟ್ಟೆಗೆ ಗಂಜಿ ಹಾಕು ಎಂದಾಗ ಇಲ್ಲ ಎಂದಳು. ಅದಕ್ಕೆ ಶಿಕ್ಷೆ ಹೆಚ್ಚಿತು. ಮಳೆಗೆ ಮುಂಚೆ ಹೋದವಳು ಬಿಡುಗಡೆಯಾಗಿ ಬಂದಾಗ ಚಳಿ ಹಿಡಿದಿತ್ತು. ಅಷ್ಟರಲ್ಲಿ ಕಾವಲಿನ ನಿಯಮವನ್ನು ಸದ್ದಿಲ್ಲದೆ ಕೈಬಿಟ್ಟಿದ್ದರು. ಆ ದಂಡಾಧಿಕಾರಿಗೆ ಬೇರೆ ಊರಿಗೆ ವರ್ಗವಾಗಿತ್ತು. ವಿಚಾರಣೆಯಿಲ್ಲದ ಸೆರೆಯ ಕಾಯಿದೆ ಇನ್ನೂ ಇತ್ತು, ಚೌಕಟ್ಟೂ ಇತ್ತು. ಆದರೆ ಬೀದಿ ಮೊದಲಿನ ಬೀದಿಯಾಗಿರಲಿಲ್ಲ. ಚಿಕ್ಕಮ್ಮ ಗುಡ್ಡದ ಅಡುಗೆಮನೆಗೆ ಮತ್ತೆ ಹೋಗಲೇ ಇಲ್ಲ. ಲಾಯದವನೂ ಹೋಗಿರಲಿಲ್ಲ. ಅಂಗಡಿಯ ಮೇಜಿನ ಮೇಲೆ ಬೀದಿಯವರ ಬಟ್ಟೆ ಮಾತ್ರ ಇತ್ತು. ಮನೆ ಬಿಗಿಯಾಗಿ ನಡೆಯುತ್ತಿತ್ತು, ಆದರೂ ನಡೆಯುತ್ತಿತ್ತು. ಗಂಡ ಕೆಮ್ಮುತ್ತ, ಬಾಯಿ ಆಡಿಸುತ್ತ, ಬದುಕಿದ್ದ.

ಬಂದ ವಾರದಲ್ಲೇ ಅಂಟಣ್ಣ ಹಿತ್ತಿಲ ಬಾಗಿಲಿನಲ್ಲಿ ಕಾಣಿಸಿಕೊಂಡ. ಕಂಕುಳಲ್ಲಿ ಹೊಸ ಕಾಗದಗಳ ದಪ್ಪ ಕಟ್ಟು, ಕೈಯಲ್ಲಿ ಖಾಲಿ ಬಕೆಟ್ಟು.

"ಅಕ್ಕ, ಹೊಸ ಕಾಯಿದೆ ಬಂದಿದೆ. ಸಂಘ ಕಟ್ಟಬಾರ್ದಂತೆ. ಅವರ ಅಂಟು ನಿಲ್ಲಲ್ಲ, ಬೆಳಗ್ಗೆ ಹಾಕಿದ್ದು ಸಂಜೆಗೆ ನೆಲದ ಮೇಲೆ. ಒಂದು ಬಕೆಟ್ ಗಂಜಿ..."

"ಬೇರೆ ಮನೆಗಳಲ್ಲಿ ಕೇಳ್ದೆಯಾ?"

"ಎಲ್ಲಾ ಮನೆಯಲ್ಲೂ ಕೇಳ್ದೆ. ಯಾರೂ ಕೊಡ್ಲಿಲ್ಲ. ಅಕ್ಕ ಬಂದಿದ್ದಾಳೆ, ಅವಳನ್ನ ಕೇಳು ಅಂತಾರೆ."

ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು, ಅದರ ವಾಸನೆ ಹಿತ್ತಿಲನ್ನೆಲ್ಲ ತುಂಬಿತ್ತು. ಗಂಜಿಯಕ್ಕ ಪೆಟ್ಟಿಗೆಯನ್ನು ಕೆನ್ನೆಯ ಹತ್ತಿರ ಹಿಡಿದು ನೋಡಿದಳು.

"ಇಲ್ಲ," ಎಂದಳು.

"ಎದುರಿಗೇ ಇದೆಯಲ್ಲಕ್ಕ!"

"ಇದೆ. ಕೊಡಲ್ಲ."

ಅಂಟಣ್ಣ ಕಟ್ಟನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಿಸಿದ. "ನಾನು ಹೋಗಿ ಏನಂತ ಹೇಳ್ಲಿ?"

"ಗಂಜಿ ಸಿಗಲಿಲ್ಲ ಅಂತ ಹೇಳು. ನಿನಗೆ ಹೋಗೋಕ್ಕೆ ಹೆದರಿಕೆ ಆದ್ರೆ ಹೋಗಬೇಡ. ಕೂತ್ಕೋ, ಬೆಳಗ್ಗಿಂದ ತಿರುಗಿದ್ದೀಯ."

ಅವನು ಬೀದಿಯ ಕಡೆ ನೋಡಿದ. ಗುಡ್ಡದ ಕಡೆ ನೋಡಿದ. ಆಮೇಲೆ ಬಕೆಟ್ಟನ್ನು ಬೋರಲು ಹಾಕಿ, ಅದರ ಮೇಲೆ ಕುಳಿತು, ಕಟ್ಟನ್ನು ಕಾಲಬುಡದಲ್ಲಿ ಇಟ್ಟುಕೊಂಡ. ಗಂಡ ಒಳಗಿನಿಂದ, "ಯಾರೇ ಅದು, ಸರ್ಕಸ್ಸು ಬಂತಾ?" ಎಂದು ಕೂಗಿದ.

ಗಂಜಿಯಕ್ಕ ಪೆಟ್ಟಿಗೆ ಹಿಡಿದು ಮುಂಗೋಣೆಗೆ ಹೋದಳು. ಮೇಜಿನ ಮೇಲಿದ್ದದ್ದು ಭಾವನ ಅಂಗಿ. ಅಷ್ಟು ತಿಂಗಳ ಮೇಲೆ ಅವನು ಅಂಗಿ ತೊಡುವಂತಾಗಿದ್ದ. ಕಾಲರಿಗೆ, ತೋಳಿನ ತುದಿಗೆ, ಎದೆಯ ಪಟ್ಟಿಗೆ ಹದವಾಗಿ ಗಂಜಿ ಹಾಕಿದ್ದಳು. ಬೆನ್ನಿಗೆ ಹಾಕಿರಲಿಲ್ಲ. ಸೆಟೆದ ಬಟ್ಟೆ ಆ ಬೆನ್ನಿಗೆ ಉಜ್ಜಬಾರದು. ಅಂಗಿಯನ್ನು ಬೋರಲು ತಿರುಗಿಸಿ ಹರಡಿ, ಪೆಟ್ಟಿಗೆಯನ್ನು ಭಾರ ಬೀಳದಂತೆ ಎತ್ತಿ ಹಿಡಿದು, ಮೆಲ್ಲಗೆ ಒಂದೇ ಒಂದು ಸಲ ಸರಿಸಿದಳು.